ಅಪ್ಪನ ರಾಹುಕಾಲ

ಲಗ್ಗೆರೆಯಲ್ಲಿ ದೇವರನ್ನು ಬದಲಾಯಿಸಿಕೊಂಡವರು ಬೇಕಾದಷ್ಟು ಜನ ಸಿಗುತ್ತಾರೆ. ರಾಹುಕಾಲವನ್ನು ಬಿಟ್ಟವರು ಸಿಗುವುದು ಕಷ್ಟ. ಯಾರನ್ನೂ ಹಂಗಿಸುವುದಕ್ಕೆ ಈ ಮಾತು ಹೇಳುತ್ತಿಲ್ಲ. ನಮ್ಮ ಅಪ್ಪನ ಜೊತೆ ಒಂದೇ ಮನೆಯಲ್ಲಿ ಬಾಳಿದವನು ಇದಕ್ಕಿಂತ ಬೇರೆ ಹೇಳಲಾರ.

ಪೀಣ್ಯದ ಕಾರ್ಖಾನೆಗಳ ಮಗ್ಗುಲಲ್ಲಿ ಬೆಳೆದ ಬಡಾವಣೆ ನಮ್ಮದು. ಕುಣಿಗಲ್, ಮಾಗಡಿ, ಮಧುಗಿರಿ, ರಾಯಚೂರು, ಧರ್ಮಪುರಿ ಅಂತ ಎಲ್ಲೆಲ್ಲಿಂದಲೋ ಹೊಟ್ಟೆಪಾಡಿಗೆ ಬಂದವರು ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮೂರು ಅಂತಸ್ತು ಎಬ್ಬಿಸಿ, ಕೆಳಗೆ ಲೇತು, ನಡುವೆ ಬಾಡಿಗೆದಾರರು, ಎಲ್ಲಕ್ಕಿಂತ ಮೇಲೆ ಶೀಟು ಹೊದಿಸಿದ ಹಾಲಿನಲ್ಲಿ ದೇವರು ಎಂದು ಹಂಚಿಕೆ ಮಾಡಿದ್ದಾರೆ. ಭಾನುವಾರ ಬೆಳಿಗ್ಗೆ ಲೇತುಗಳು ಸುಮ್ಮನಾದ ಮೇಲೆ ಆ ಶೀಟಿನ ಕೆಳಗಿಂದ ಕೀಬೋರ್ಡು, ಡ್ರಮ್ಮು, ಚಪ್ಪಾಳೆ ಶುರುವಾಗುತ್ತವೆ. ಅದೇ ಹೊತ್ತಿಗೆ ಬೀದಿಯ ಇನ್ನೊಂದು ತುದಿಯಲ್ಲಿ ಮುನೇಶ್ವರನ ಗುಡಿಯ ಮೈಕು. ಬಡಾವಣೆಯೊಳಗೆ ಚೌಡೇಶ್ವರಿನಗರ ಅಂತಲೂ ಒಂದಿದೆ, ಪ್ರೀತಿನಗರ ಅಂತಲೂ ಒಂದಿದೆ. ಎರಡಕ್ಕೂ ನಡೆದೇ ಹೋಗಬಹುದು.

ನಮ್ಮ ಮನೆಯೊಳಕ್ಕೆ ಯೇಸು ಬಂದದ್ದು ಅಮ್ಮನ ಮೂಲಕ. ನಾನು ಆಗ ಹೈಸ್ಕೂಲಿನಲ್ಲಿದ್ದೆ. ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ತಂಗಿಗೆ ಟೈಫಾಯ್ಡ್ ಆದಾಗ, ಪಕ್ಕದ ಮಿಷನ್ನಿನಲ್ಲಿ ಕಾಲರು ಹೊಲಿಯುತ್ತಿದ್ದ ಅಕ್ಕ ಒಬ್ಬಳು ಮನೆಗೆ ಬಂದು ಮಗುವಿನ ಹಣೆ ಮುಟ್ಟಿ ಪ್ರಾರ್ಥನೆ ಮಾಡಿದಳು. ತಂಗಿಗೆ ವಾಸಿಯಾಯಿತು. ಡಾಕ್ಟರು ಕೊಟ್ಟ ಗುಳಿಗೆಯೂ ನಡೆಯುತ್ತಿತ್ತು, ಊರಿನಲ್ಲಿ ಅಜ್ಜಿ ಮಾರಮ್ಮನಿಗೆ ಹೊತ್ತ ಹರಕೆಯೂ ಇತ್ತು. ಯಾರಿಂದ ವಾಸಿಯಾಯಿತು ಎಂಬ ಪ್ರಶ್ನೆಗೆ ಮನೆಯಲ್ಲಿ ಮೂರು ಉತ್ತರಗಳಿದ್ದವು. ಆದರೆ ಆ ಅಕ್ಕ ಓಟಿ ಬಿಟ್ಟು ಬಂದು ಮಗುವಿನ ಪಕ್ಕ ಕೂತಿದ್ದಳು ಎಂಬುದನ್ನು ಅಮ್ಮ ಮರೆಯಲಿಲ್ಲ. ಓಟಿ ಬಿಟ್ಟು ಬರುವಂಥ ನೆಂಟರು ನಮಗೆ ಲಗ್ಗೆರೆಯಲ್ಲಿ ಇರಲಿಲ್ಲ. ಅಮ್ಮ ಭಾನುವಾರ ಸಭೆಗೆ ಹೋಗತೊಡಗಿದಳು. ಅವಳನ್ನು ಕರೆತರಲು ಹೋಗಿ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಿದ್ದ ಅಪ್ಪ, ಮಳೆ ಬಂದ ಒಂದು ಭಾನುವಾರ ಒಳಗೆ ಹೋಗಿ ಕೂತ. ಆಮೇಲೆ ಮಳೆಯಿಲ್ಲದ ಭಾನುವಾರಗಳಲ್ಲೂ ಕೂತ.

ಹಳೇ ಮನುಷ್ಯನನ್ನು ಬಿಟ್ಟು ಹೊಸ ಮನುಷ್ಯನಾಗಬೇಕು ಎಂದು ಪಾಸ್ಟರ್ ಪ್ರತಿ ವಾರವೂ ಹೇಳುತ್ತಿದ್ದರು. ಸಂತ ಪೌಲನ ಪತ್ರಗಳ ತುಂಬ ಇರುವ ಮಾತು ಅದು. ಅಪ್ಪ ಮೊದಮೊದಲು ಅಮ್ಮನನ್ನು ರೇಗಿಸುತ್ತಿದ್ದ. “ಅಲ್ಲ ಕಣೆ, ಹಳೇ ಮನುಷ್ಯನ್ನ ಬಿಡು ಅಂತಾರಲ್ಲ, ಅವನು ಪಾಪ ಎಲ್ಲಿಗೆ ಹೋಗ್ತಾನೆ? ಲಗ್ಗೆರೇಲಿ ಅವನಿಗೆ ಅಡ್ವಾನ್ಸ್ ಇಲ್ದೆ ಮನೆ ಕೊಡೋರು ಯಾರು?” ಪ್ರಶ್ನೆ ತಮಾಷೆಯದಾದರೂ ಅದರಲ್ಲಿ ಬಾಡಿಗೆದಾರನ ಅನುಭವವಿತ್ತು. ಹಳೇ ಮನುಷ್ಯ ನಮ್ಮ ಮನೆಯನ್ನು ಪೂರ್ತಿ ಖಾಲಿ ಮಾಡಲೇ ಇಲ್ಲ. ಯಾವುದೋ ಒಂದು ಕೋಣೆಯಲ್ಲಿ ಉಳಿದುಕೊಂಡ.

ಹೋದದ್ದೂ ಉಂಟು. ಸಾರಾಯಿ ಹೋಯಿತು. ಊರಿನವರು, ನೆಂಟರು, ಅಮ್ಮನ ಉಪವಾಸಗಳು ಯಾವುದಕ್ಕೂ ಬಗ್ಗದಿದ್ದ ಕುಡಿತವನ್ನು ಅಪ್ಪ ಸದ್ದಿಲ್ಲದೆ ಬಿಟ್ಟ. ಬಾಟಲಿ ಹೋದ ಮೇಲೂ ಅದರ ಜೊತೆಗಿರುತ್ತಿದ್ದ ಹುರಿದ ಕಡಲೆಬೀಜ ಉಳಿಯಿತು. ಸಂಜೆ ಫ್ಯಾಕ್ಟರಿಯಿಂದ ಬಂದವನು ಅದೇ ಹಳೆಯ ಸ್ಟೂಲಿನ ಮೇಲೆ, ಅದೇ ಗೋಡೆಗೆ ಒರಗಿ, ಕಡಲೆಬೀಜದ ಸಿಪ್ಪೆ ಉಜ್ಜುತ್ತ ಕೂರುತ್ತಿದ್ದ. ಮಧ್ಯೆ ಮಧ್ಯೆ ಕೈ ತಾನಾಗಿ ಎಡಗಡೆಗೆ ಹೋಗಿ, ಅಲ್ಲಿ ಏನೂ ಇಲ್ಲದ್ದನ್ನು ಕಂಡು ಹಿಂದಕ್ಕೆ ಬರುತ್ತಿತ್ತು. ಅಮ್ಮ ಅಲ್ಲೊಂದು ಲೋಟ ನೀರು ಇಡತೊಡಗಿದಳು. ಅದರ ಬಗ್ಗೆ ಇಬ್ಬರೂ ಯಾವತ್ತೂ ಮಾತಾಡಿಕೊಂಡದ್ದಿಲ್ಲ.

ರಾಹುಕಾಲದ ಕತೆ ಬೇರೆ. ಸಭೆಯಿಂದ ಹೊಸ ಕ್ಯಾಲೆಂಡರ್ ಬಂತು. ತಿಂಗಳಿಗೊಂದು ವಾಕ್ಯ, ಕುರಿಮಂದೆ, ಜಲಪಾತ. ಅದನ್ನು ಮೊಳೆಗೆ ಹಾಕಿದ ಅಪ್ಪ, ಹಳೆಯ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರನ್ನು ತೆಗೆಯದೆ ಅದರ ಹಿಂದೆಯೇ ಬಿಟ್ಟ. “ಸರ್ಕಾರಿ ರಜೆ ನೋಡೋಕೆ ಬೇಕಲ್ಲ” ಎಂದ. ರಜೆ ನೋಡುವವನು ತಿಂಗಳಿಗೊಮ್ಮೆ ನೋಡಿದರೆ ಸಾಕು. ಅಪ್ಪ ದಿನಾ ಬೆಳಿಗ್ಗೆ ಬೂಟು ಹಾಕಿಕೊಳ್ಳುವ ಮುಂಚೆ ಕುರಿಮಂದೆಯನ್ನು ಮೆಲ್ಲಗೆ ಎತ್ತಿ ಹಿಂದೆ ಇಣುಕುತ್ತಿದ್ದ. ಶುಕ್ರವಾರದ ಉಪವಾಸ ಪ್ರಾರ್ಥನೆ ಶುರುವಾಗುತ್ತಿದ್ದದ್ದು ಹತ್ತೂವರೆಗೆ. ಶುಕ್ರವಾರದ ರಾಹುಕಾಲ ಶುರುವಾಗುವುದೂ ಹತ್ತೂವರೆಗೇ. ರಜೆ ಹಾಕಿ ಪ್ರಾರ್ಥನೆಗೆ ಹೋಗುವ ಶುಕ್ರವಾರಗಳಲ್ಲಿ ಅಪ್ಪ ಹತ್ತು ಕಾಲಕ್ಕೇ ಹಾಲಿನಲ್ಲಿರುತ್ತಿದ್ದ. ಚಾಪೆ ಹಾಸುತ್ತಿದ್ದ, ಫ್ಯಾನು ಹಾಕುತ್ತಿದ್ದ. ಎಲ್ಲರಿಗಿಂತ ಮೊದಲು ಬರುವ ಸಹೋದರ ಎಂದು ಪಾಸ್ಟರ್ ಒಂದು ಸಲ ಸಭೆಯ ಮುಂದೆ ನಿಲ್ಲಿಸಿ ಹೊಗಳಿದರು. ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಅದನ್ನು ವಿನಯ ಎಂದು ಎಲ್ಲರೂ ತಿಳಿದರು.

ದೀಕ್ಷಾಸ್ನಾನದ ದಿನ ಇನ್ನೂ ಪೇಚಿಗಿಟ್ಟುಕೊಂಡಿತು. ಮಾಗಡಿ ರಸ್ತೆಯ ಕಡೆ ಒಂದು ತೋಟದ ನೀರಿನ ತೊಟ್ಟಿಯಲ್ಲಿ ಮುಳುಗಿಸುವುದೆಂದು ಗೊತ್ತಾಗಿತ್ತು. ಭಾನುವಾರದ ಆರಾಧನೆ ಮುಗಿದು, ಊಟವಾಗಿ, ಟೆಂಪೋ ಕೆಟ್ಟು ನಿಂತು, ಅಲ್ಲಿಗೆ ಮುಟ್ಟುವ ಹೊತ್ತಿಗೆ ನಾಲ್ಕು ದಾಟಿತ್ತು. ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರು. ಪಾಸ್ಟರ್ ಹಾಡು ಹೇಳಿಸಿದರು, ಸಾಕ್ಷಿ ಹೇಳಿಸಿದರು. ಅಪ್ಪ ಗಡಿಯಾರ ನೋಡುತ್ತ, ಬಿಳಿ ಪಂಚೆ ಬಿಗಿದುಕೊಳ್ಳುತ್ತ, ಸಾಲಿನ ಕೊನೆಯಿಂದ ನಡುವಿಗೆ, ನಡುವಿನಿಂದ ಮುಂದಕ್ಕೆ ಬಂದ. ಕೊನೆಗೆ ತಡೆಯಲಾರದೆ, “ಅಯ್ಯನೋರೆ, ನಾನೇ ಮೊದ್ಲು ಇಳೀತೀನಿ” ಅಂತ ತೊಟ್ಟಿಗೆ ಇಳಿದೇಬಿಟ್ಟ. ಮುಳುಗಿ ಎದ್ದಾಗ ಇನ್ನೂ ನಾಲ್ಕೂವರೆ ಆಗಿರಲಿಲ್ಲ. ಮುಂದೆ ಎಷ್ಟೋ ವರ್ಷ ಪಾಸ್ಟರ್ ತಮ್ಮ ಪ್ರಸಂಗದಲ್ಲಿ, ರಕ್ಷಣೆಗಾಗಿ ಹಂಬಲಿಸಿ ನೀರಿಗೆ ಧುಮುಕಿದ ಒಬ್ಬ ಸಹೋದರನ ಉದಾಹರಣೆ ಕೊಡುತ್ತಿದ್ದರು. ಅಪ್ಪ ಮಗುಮ್ಮಾಗಿ ‘ಸ್ತೋತ್ರ’ ಎನ್ನುತ್ತಿದ್ದ.

ಹೊಸ ಹೆಸರು ಇಟ್ಟುಕೊಳ್ಳಬಹುದು ಎಂದು ಸಭೆಯಲ್ಲಿ ಹೇಳಿದ್ದರು. ಅಬ್ರಹಾಮ ಎಂದಿಟ್ಟುಕೋ ಎಂದು ಯಾರೋ ಸೂಚಿಸಿದರು. ಅಪ್ಪನಿಗೆ ಮನೆದೇವರ ಹೆಸರಿತ್ತು, ಅಜ್ಜಿ ಇಟ್ಟದ್ದು. ಅಬ್ರಹಾಮ ಎಂದು ಕೂಗಿದರೆ ತಾನು ತಿರುಗಿ ನೋಡುವುದಿಲ್ಲ, ದೇವರು ತೀರ್ಪಿನ ದಿನ ಕೂಗಿದಾಗ ಯಡವಟ್ಟಾಗುತ್ತದೆ ಎಂದು ಅಪ್ಪ ನಿರಾಕರಿಸಿದ. ಈ ವಿಷಯದಲ್ಲಿ ಅಪ್ಪನ ಪಕ್ಷದಲ್ಲಿ ದೊಡ್ಡವರೇ ಇದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಂದ 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರಿಗೆ ಹರ್ಮನ್ ಎಂಬ ಹೆಸರು ಸೇರಿಕೊಂಡಿತು. ಅದು ‘ಮಂಗಳೂರ ಸಮಾಚಾರ’ ತೆಗೆದ ಹರ್ಮನ್ ಮೋಗ್ಲಿಂಗರ ಹೆಸರು. ಬ್ರಾಹ್ಮಣ್ಯ ಹೋಯಿತು, ಬಂಧುಬಳಗ ದೂರವಾಯಿತು. ಗೋತ್ರದ ಹೆಸರು ಮಾತ್ರ ಅವರ ಜೊತೆ ಹಡಗು ಹತ್ತಿ ಸ್ವಿಟ್ಜರ್ಲೆಂಡಿಗೆ ಹೋಗಿ, ಪಾದ್ರಿಯಾಗಿ ಮಂಗಳೂರಿಗೆ ಮರಳಿತು.

ಅದೇ ಮಿಷನ್ನಿನ ಇನ್ನೊಂದು ಸಂಗತಿ ಹೇಳಿದಾಗ ಅಪ್ಪನ ಕಿವಿ ನೆಟ್ಟಗಾಯಿತು. ವಿಶ್ವಾಸಕ್ಕೆ ಬಂದವರನ್ನು ಜಾತಿಯವರು ಹೊರಗೆ ಹಾಕಿದರೆ ಮನೆಯ ಜೊತೆ ಕಸುಬೂ ಹೋಗುತ್ತಿತ್ತು. ಅದಕ್ಕೆಂದೇ ಮಿಷನ್ನಿನವರು ನೇಯ್ಗೆಯ ಕಾರ್ಖಾನೆ ಕಟ್ಟಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಅಂತ ನಾವು ಅನ್ನುವ ಹೆಂಚು ಬಂದದ್ದು ಹಾಗೆ. ಅಪ್ಪ ಬಹಳ ಹೊತ್ತು ಯೋಚಿಸಿ, “ಮೊದ್ಲು ದೇವ್ರು, ಆಮೇಲೆ ಫ್ಯಾಕ್ಟರಿ. ನಮ್ಮದು ಉಲ್ಟಾ. ನಾವು ಫ್ಯಾಕ್ಟರಿ ಹುಡುಕ್ಕೊಂಡು ಬಂದ್ವಿ, ದೇವ್ರು ಮಹಡಿ ಮೇಲೆ ಸಿಕ್ಕಿದ್ರು” ಎಂದ.

ಅಪ್ಪ ನಿಜವಾಗಿ ಸಂಕಟಪಟ್ಟದ್ದು ಸರ್ವಜ್ಞನನ್ನು ಬಿಟ್ಟಾಗ. ಓದಿದ್ದು ಕಡಿಮೆಯಾದರೂ ಸರ್ವಜ್ಞನ ತ್ರಿಪದಿಗಳು ಅವನ ಬಾಯಲ್ಲಿ ಸದಾ ಇರುತ್ತಿದ್ದವು; ಸಾಲ ಕೇಳಲು ಬಂದವರಿಗೊಂದು, ಸಾಲ ಕೊಡದವರಿಗೊಂದು. ವಿಶ್ವಾಸಕ್ಕೆ ಬಂದ ಮೇಲೆ ಅದೂ ಹಳೇ ಮನುಷ್ಯನ ಸಾಮಾನೇ ಇರಬೇಕು ಎಂದು ತಾನಾಗಿ ನಿಲ್ಲಿಸಿಬಿಟ್ಟ. ಮಾತಿನ ಮಧ್ಯೆ ತ್ರಿಪದಿ ನಾಲಿಗೆಯ ತುದಿಗೆ ಬಂದು, ನುಂಗಿಕೊಂಡು, ಕೆಮ್ಮುತ್ತಿದ್ದ. ನಾನು ಕನ್ನಡ ಎಂ.ಎ. ಓದುವಾಗ ಒಂದು ಸಂಜೆ ಹೇಳಿದೆ: ಊರೂರು ಅಲೆದು ಸರ್ವಜ್ಞನ ವಚನಗಳನ್ನು ಹೆಕ್ಕಿ, ಹೋಲಿಸಿ, 1924ರಲ್ಲಿ ಪುಸ್ತಕ ಮಾಡಿ ಕೊಟ್ಟವರು ಉತ್ತಂಗಿ ಚನ್ನಪ್ಪನವರು, ಅವರು ಬಾಸೆಲ್ ಮಿಷನ್ನಿನ ಪಾದ್ರಿ, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಅಪ್ಪ ಕಡಲೆಬೀಜ ಕೆಳಗಿಟ್ಟ. “ಪಾದ್ರಿನಾ? ಚನ್ನಪ್ಪ ಅಂತಲೇ ಇದ್ರಾ?” ಹೌದೆಂದೆ. “ಹಂಗಾದ್ರೆ ಹೇಳ್ಬೋದು ಅನ್ನು.” ಆ ರಾತ್ರಿ ಊಟಕ್ಕೆ ಕೂತಾಗ ಎಷ್ಟೋ ತಿಂಗಳು ಗಂಟಲಲ್ಲಿ ಕಟ್ಟಿಕೊಂಡಿದ್ದ ತ್ರಿಪದಿಗಳೆಲ್ಲ ಒಂದರ ಹಿಂದೊಂದು ಬಂದವು. ಅಮ್ಮ ಮುದ್ದೆ ಆರಿಹೋಗುತ್ತೆ ಅಂತ ಗದರಿಸಬೇಕಾಯಿತು. ಮುಂದೆ ಅವನು ಸಭೆಯಲ್ಲಿ ಸಾಕ್ಷಿ ಹೇಳುವಾಗಲೂ ಸೊಲೊಮೋನನ ಜ್ಞಾನೋಕ್ತಿಯ ಪಕ್ಕದಲ್ಲಿ ಸರ್ವಜ್ಞನನ್ನು ಕೂರಿಸುತ್ತಿದ್ದ. ಯಾವುದು ಯಾರದು ಎಂದು ಕೇಳುವವರಿಗೂ ತಿಳಿಯುತ್ತಿರಲಿಲ್ಲ.

ಅಮ್ಮ ಬಿಟ್ಟದ್ದು ಕುಂಕುಮ. ನಮ್ಮ ಸಭೆಯಲ್ಲಿ ಅದು ಕಟ್ಟುನಿಟ್ಟು. ಅಮ್ಮ ಒಂದು ಬೆಳಿಗ್ಗೆ ಹಣೆ ತೊಳೆದು ಬಂದಳು, ಅಷ್ಟೇ. ಒದ್ದಾಡಿದವನು ಅಪ್ಪ. ಅವಳು ಎದುರಿಗೆ ಬಂದಾಗ ಗೋಡೆ ನೋಡಿಕೊಂಡು ಮಾತಾಡುತ್ತಿದ್ದ. ಊರಿನಲ್ಲಿ ಅಜ್ಜಿ ನೋಡಿದಾಗಲಂತೂ ಹಟ್ಟಿಯಲ್ಲೇ ಕುಸಿದು ಕೂತು, “ನನ್ ಮಗ ಗುಂಡುಕಲ್ಲು ಇದ್ದಂಗೆ ಇರೋವಾಗ್ಲೇ ಇದೇನೇ ನಿನ್ ಹಣೆ” ಅಂತ ಅತ್ತಳು. ಆಮೇಲೆ ಅಮ್ಮ ಒಂದು ಉಪಾಯ ಕಂಡುಕೊಂಡಳು. ಜಾಲಹಳ್ಳಿ ಕ್ರಾಸಿನಲ್ಲಿ ಕುಣಿಗಲ್ ಬಸ್ಸು ಹತ್ತುವುದು. ನೆಲಮಂಗಲ ದಾಟಿದ ಮೇಲೆ ಪರ್ಸಿನಿಂದ ಸ್ಟಿಕರ್ ಬೊಟ್ಟು ತೆಗೆದು ಹಣೆಗೆ ಅಂಟಿಸಿಕೊಳ್ಳುವುದು. ವಾಪಸು ಬರುವಾಗ ಅಲ್ಲೇ ಕಿತ್ತು ಮುಂದಿನ ಸೀಟಿನ ಬೆನ್ನಿಗೆ ಅಂಟಿಸುವುದು. ಆ ದಾರಿಯ ಬಸ್ಸುಗಳ ಸೀಟಿನ ಹಿಂದೆ ನಾನು ಇಂಥ ಬೊಟ್ಟುಗಳನ್ನು ಎಷ್ಟೋ ನೋಡಿದ್ದೇನೆ. ಎಲ್ಲವೂ ಅಮ್ಮನವೇ ಇರಲಾರವು.

ಅಪ್ಪನಿಗೆ ಬೈಬಲ್ ಓದುವುದು ಒಂದು ದೊಡ್ಡ ಕೆಲಸವಾಗಿತ್ತು. ಬೆರಳಿಟ್ಟು, ತುಟಿಯಾಡಿಸಿ, ಒತ್ತಕ್ಷರ ಬಂದಲ್ಲಿ ನಿಂತು ಓದುತ್ತಿದ್ದ. ಆದಿಕಾಂಡದಲ್ಲಿ ರಾಹೇಲಳ ಕತೆ ಸಿಕ್ಕಿದ ರಾತ್ರಿ ಅವನು ನಕ್ಕ ನಗು ಕೆಳಗಿನ ಮನೆಯವರಿಗೂ ಕೇಳಿಸಿರಬೇಕು. ಯಾಕೋಬ ತನ್ನ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಮಾವನ ಮನೆಯಿಂದ ಹೊರಟಾಗ, ರಾಹೇಲಳು ತಂದೆಯ ಮನೆದೇವರುಗಳನ್ನು ಕದ್ದು ತಂದು ಒಂಟೆಯ ಸಾಮಾನಿನೊಳಗಿಟ್ಟು ಮೇಲೆ ಕೂತುಬಿಟ್ಟಿದ್ದಳು. ತಂದೆ ಅಟ್ಟಿಸಿಕೊಂಡು ಬಂದು ಡೇರೆಯೆಲ್ಲ ತಡಕಿದರೂ, ಮುಟ್ಟಾಗಿದ್ದೇನೆ, ಏಳಲಾರೆ ಎಂದು ಕೂತೇ ಇದ್ದಳು. “ನೋಡೇ, ನಿನ್ ಬೊಟ್ಟಿನ ಪರ್ಸು!” ಎಂದು ಅಪ್ಪ ಅಮ್ಮನಿಗೆ ತೋರಿಸಿದ. ಅಮ್ಮ, “ಹಿಂದಿನ ಕ್ಯಾಲೆಂಡರ್ ಮೇಲೆ ಯಾರು ಕೂತಿದಾರೆ ಅಂತ ನೋಡ್ಕೊಳಿ” ಎಂದಳು. ಇಬ್ಬರೂ ಸಿಕ್ಕಿಬಿದ್ದ ಮೇಲೆ ಮನೆಯಲ್ಲಿ ಒಂದು ಥರದ ನೆಮ್ಮದಿ ಬಂತು. ಐಗುಪ್ತದ ದಾಸ್ಯದಿಂದ ಬಿಡಿಸಿಕೊಂಡು ಬಂದ ಜನ, ಕಾಡಿನಲ್ಲಿ ದೇವರು ಕೊಟ್ಟ ಮನ್ನಾ ಬೇಜಾರಾಗಿ, ಅಲ್ಲಿ ತಿನ್ನುತ್ತಿದ್ದ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅತ್ತರು ಎಂಬ ಭಾಗ ಓದಿದಾಗ ಮಾತ್ರ ಅಪ್ಪ ನಗಲಿಲ್ಲ. ಪುಸ್ತಕ ಮುಚ್ಚಿ, “ಊರಲ್ಲಿ ಈಗ ಅವರೇಕಾಯಿ ಬಂದಿರುತ್ತೆ” ಎಂದ.

ಆಯುಧಪೂಜೆ ಬಂತು. ಅಪ್ಪ ಕೆಲಸಕ್ಕಿದ್ದ ಲೇತ್ ಶಾಪಿನಲ್ಲಿ ಬೂದುಗುಂಬಳ ಒಡೆಯುವುದು ಮೊದಲಿನಿಂದ ಅಪ್ಪನ ಹಕ್ಕು. ಆ ವರ್ಷ ಹಿಂದಿನ ದಿನವೇ ಹೋಗಿ ಮಿಷನ್ನನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಲೋಹದ ಸುರುಳಿಗಳನ್ನೆಲ್ಲ ಗುಡಿಸಿ, ಬೆಡ್ಡಿಗೆ ಎಣ್ಣೆ ಸವರಿ, ಹಿಂದೆಂದೂ ಇಲ್ಲದಷ್ಟು ಫಳಫಳ ಮಾಡಿದ. ಪೂಜೆಯ ಹೊತ್ತಿಗೆ ಎದುರಿನ ಟೀ ಅಂಗಡಿಯಲ್ಲಿ ಬೆನ್ನು ತಿರುಗಿಸಿ ಕೂತ. ಒಳಗೆ ಕುಂಬಳಕಾಯಿ ಸರಿಯಾಗಿ ಒಡೆಯದೆ ಹುಡುಗನೊಬ್ಬ ಎರಡು ಸಲ ಎತ್ತಿ ಹಾಕಿದ ಸದ್ದು ಕೇಳಿ ಅವನ ಕೈ ತುರಿಸಿರಬೇಕು. ಪೂಜೆ ಮುಗಿದ ಮೇಲೆ ಮಾಲೀಕರೇ ರಸ್ತೆ ದಾಟಿ ಬಂದು ಒಂದು ಪೊಟ್ಟಣ ಕೊಟ್ಟರು. “ಪೂಜೆಗೆ ಇಡೋಕೆ ಮುಂಚೇನೇ ನಿನ್ನ ಪಾಲು ತೆಗೆದಿಟ್ಟಿದ್ದೆ ಕಣಪ್ಪ. ಬರೀ ಅಂಗಡಿ ಪುರಿ, ಮಂತ್ರ ಸೋಕಿಲ್ಲ. ಮಕ್ಕಳಿಗೆ ಕೊಡು.” ಅಪ್ಪ ಆ ಕಡಲೆಪುರಿಯನ್ನು ಮನೆಗೆ ತಂದು ನಮ್ಮ ಮುಂದಿಟ್ಟು, ಅವರಿಗೋಸ್ಕರ ಬಹಳ ಹೊತ್ತು ಪ್ರಾರ್ಥನೆ ಮಾಡಿದ. ನಾವು ಕಣ್ಣು ಮುಚ್ಚಿಕೊಂಡೇ ತಿನ್ನುತ್ತಿದ್ದೆವು.

ಅಜ್ಜಿ ಒಮ್ಮೆ ಲಗ್ಗೆರೆಗೆ ಬಂದಳು. ಸಭೆಗೂ ಬಂದು ಚಾಪೆಯ ಮೇಲೆ ಕಾಲು ಚಾಚಿ ಕೂತಳು. ಡ್ರಮ್ಮು ಹಿಡಿಸಿತು. ಕಾಣಿಕೆಯ ಚೀಲ ಎದುರಿಗೆ ಬಂದಾಗ ಸೆರಗಿನ ಗಂಟು ಬಿಚ್ಚಿ ನಾಣ್ಯ ಹಾಕಿ, ಮಂಡಿನೋವು ಹೋದರೆ ಇನ್ನೊಂದು ಹಾಕುವುದಾಗಿ ಚೀಲಕ್ಕೇ ಹೇಳಿದಳು. ಮಾರನೆಯ ದಿನ ಅಪ್ಪ ಪಾಸ್ಟರಿಗೆ ತಿಳಿಸದೆ ಅವಳನ್ನು ಶಿವಾಜಿನಗರದ ಸಂತ ಮೇರಿ ಬಸಿಲಿಕಕ್ಕೆ ಕರೆದುಕೊಂಡು ಹೋದ. ನಮ್ಮ ಸಭೆಯವರು ಮೂರ್ತಿ ಇರುವಲ್ಲಿಗೆ ಹೋಗುವುದಿಲ್ಲ. ಅಲ್ಲಿ ಸೀರೆಯುಟ್ಟ ಮಾತೆಯನ್ನು ನೋಡಿ ಅಜ್ಜಿ, “ಇವಳು ನಮ್ಮೋಳೇ ಬಿಡು” ಎಂದಳು. ಪ್ರತಿ ವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಸೀರೆಯುಟ್ಟು ಅಲ್ಲಿಗೆ ನಡೆದು ಬರುವ ಸಾವಿರಾರು ಹೆಂಗಸರೂ ಹಾಗೆ ಅಂದುಕೊಂಡೇ ಬರುತ್ತಿರಬಹುದು. ಅದೇ ದಿನ ಮಂಗಳೂರಿನ ಕ್ಯಾಥೊಲಿಕರು ಹೊಸ ಭತ್ತದ ತೆನೆಯನ್ನು ಮೆರವಣಿಗೆಯಲ್ಲಿ ತಂದು, ಹೊಸಕ್ಕಿ ಉಣ್ಣುತ್ತಾರೆ. ಗದ್ದೆಯ ಹಬ್ಬವನ್ನು ಅವರು ಬಿಡದೆ ಮರಿಯಮ್ಮನ ಮಡಿಲಿಗೆ ಹಾಕಿದ್ದಾರೆ. ಅಜ್ಜಿ ಶಿಲುಬೆಯ ಮುಂದೆ ಬಂದಾಗ ಮಾತ್ರ ನಿಂತುಬಿಟ್ಟಳು. ಮೊಳೆ ಹೊಡೆದ ಅಂಗೈಗಳನ್ನೇ ನೋಡಿ, “ಯಾರ ಮಗನೋ ಪಾಪ. ಆಗ ಇವನ ಅವ್ವ ಎಲ್ಲಿದ್ಳು?” ಎಂದು ಕೇಳಿದಳು. “ಅಲ್ಲೇ ಕೆಳಗೆ ನಿಂತಿದ್ಳು ಕಣವ್ವ” ಎಂದ ಅಪ್ಪ. “ಹೂಂ. ಇರ್ಬೇಕಲ್ಲ” ಎಂದಳು ಅಜ್ಜಿ. ಆಮೇಲೆ ಮಗನ ಹೊಸ ದೇವರ ಬಗ್ಗೆ ಅವಳು ಯಾವತ್ತೂ ಬೈಯಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹಳೇ ಮನುಷ್ಯ ನಿಜವಾಗಿ ಎಲ್ಲಿ ಅಡಗಿದ್ದ ಎಂಬುದನ್ನೂ ಹೇಳಬೇಕು. ಕುಂಕುಮ, ಕ್ಯಾಲೆಂಡರು, ಕುಂಬಳಕಾಯಿ ಇವೆಲ್ಲ ಕಣ್ಣಿಗೆ ಕಾಣುವ ಸಾಮಾನು. ಸಭೆಯ ಪಟ್ಟಿಯಲ್ಲಿ ಇದ್ದದ್ದು ಅವೇ. ತಂಗಿಗೆ ಗಂಡು ಬಂದಾಗ ಪಟ್ಟಿಯಲ್ಲಿಲ್ಲದ್ದು ಹೊರಬಂತು. ಹುಡುಗ ನಮ್ಮ ಸಭೆಯವನೇ, ಪೀಣ್ಯದಲ್ಲಿ ಟೂಲ್ ರೂಮಿನಲ್ಲಿದ್ದ, ಗಿಟಾರ್ ನುಡಿಸುತ್ತಿದ್ದ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, ದನಿ ತಗ್ಗಿಸಿ, ಮಧ್ಯಸ್ಥರನ್ನು ಕೇಳಿದ: “ಅವರು ಮುಂಚೆ ಏನು?”

‘ಮುಂಚೆ ಏನು’ ಎಂಬ ಈ ಎರಡು ಪದಗಳನ್ನು ವಿಶ್ವಾಸಿಗಳ ಮನೆಗಳಲ್ಲಿ ನಾನು ಬೇಕಾದಷ್ಟು ಕೇಳಿದ್ದೇನೆ. ಕರ್ತನ ಭೋಜನದಲ್ಲಿ ಒಂದೇ ರೊಟ್ಟಿ ಮುರಿದು ತಿನ್ನುತ್ತೇವೆ, ಬ್ರದರ್ ಎನ್ನುತ್ತೇವೆ, ಸಿಸ್ಟರ್ ಎನ್ನುತ್ತೇವೆ. ಹೆಣ್ಣು ಕೊಡುವ ಹೊತ್ತಿಗೆ ‘ಮುಂಚೆ ಏನು’ ಎದ್ದು ಕೂರುತ್ತದೆ. ನಮ್ಮದೇನೂ ದೊಡ್ಡ ಜಾತಿಯಲ್ಲ, ಆದರೆ ಮನೆ ಊರೊಳಗಿತ್ತು. ಹುಡುಗನ ತಾತನ ಮನೆ ಊರಾಚೆ ಇತ್ತು. ಸರ್ಕಾರವೂ ಇದನ್ನು ಮರೆಯಲು ಬಿಡುವುದಿಲ್ಲ. ಪರಿಶಿಷ್ಟ ಜಾತಿಗಳ 1950ರ ಆದೇಶ ಹಿಂದೂಗಳಿಗೆ ಎಂದು ಶುರುವಾಗಿ, 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡಿತು, ಕ್ರೈಸ್ತರನ್ನು ಸೇರಿಸಲಿಲ್ಲ. ಊರಿನವರ ಲೆಕ್ಕದಲ್ಲಿ ಊರಾಚೆಯವರಾಗಿಯೇ ಉಳಿದವರು ಕಾಗದದ ಲೆಕ್ಕದಲ್ಲಿ ಅದೂ ಅಲ್ಲ. ಅದಕ್ಕೇ ಹಾಡುವಾಗ ಒಂದು ಹೆಸರು, ಕಾಲೇಜಿನ ಅರ್ಜಿಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡ ಮನೆಗಳು ಎಷ್ಟೋ ಇವೆ. ಅವರನ್ನು ದೂರುವ ಮೊದಲು ಅವರ ಮಕ್ಕಳ ಫೀಜು ಕಟ್ಟಬೇಕು.

ಅಮ್ಮ ಜಗಳ ಆಡಲಿಲ್ಲ. ಅಪ್ಪನ ಬೈಬಲನ್ನು ಅಪೊಸ್ತಲರ ಕೃತ್ಯಗಳ ಪುಟಕ್ಕೆ ತೆರೆದು ಸ್ಟೂಲಿನ ಮೇಲಿಟ್ಟಳು. ಪೇತ್ರನು ಯೊಪ್ಪದಲ್ಲಿ ಮಾಳಿಗೆ ಹತ್ತಿ ಪ್ರಾರ್ಥನೆ ಮಾಡುವಾಗ ಆಕಾಶದಿಂದ ಒಂದು ದುಪ್ಪಟಿ ಇಳಿಯುತ್ತದೆ. ಅದರ ತುಂಬ ಅವನು ಮೈಲಿಗೆ ಎಂದುಕೊಂಡಿದ್ದ ಪ್ರಾಣಿಗಳು. ತಿನ್ನು ಎಂಬ ದನಿ ಮೂರು ಸಲ ಕೇಳಿದರೂ ಅವನಿಗೆ ಮನಸ್ಸು ಬಾರದು. ಅಪ್ಪ ಬೆರಳಿಟ್ಟು ಓದುತ್ತ ಒಂದು ಕಡೆ ನಿಂತ. “ಇವನು ಆಗ ಇದ್ದದ್ದು ಯಾರ ಮನೇಲಿ ನೋಡಿದ್ಯೇನೋ? ಚರ್ಮ ಹದ ಮಾಡೋನ ಮನೇಲಿ. ಅವನ ಮನೆ ಅನ್ನ ತಿನ್ಕೊಂಡು, ಅವನ ಮಾಳಿಗೆ ಮೇಲೆ ಕೂತ್ಕೊಂಡು ಮೈಲಿಗೆ ಅಂತಾನೆ!” ಅದೇ ಪೇತ್ರ ಮುಂದೆ ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಊಟಕ್ಕೆ ಕೂತಿದ್ದವನು, ತನ್ನ ಕಡೆಯವರು ಬಂದರೆಂದು ಎದ್ದು ಹೋದನೆಂದೂ, ಪೌಲ ಅವನನ್ನು ಎಲ್ಲರೆದುರಿಗೆ ತರಾಟೆಗೆ ತೆಗೆದುಕೊಂಡನೆಂದೂ ನಾನು ಗಲಾತ್ಯದವರಿಗೆ ಬರೆದ ಪತ್ರ ತೆಗೆದು ಓದಿ ಹೇಳಿದೆ. ಯೇಸುವಿನ ಜೊತೆ ತಿರುಗಿದವನಿಗೇ ಹೀಗಾದರೆ, ಲಗ್ಗೆರೆಯ ಲೇತ್ ಆಪರೇಟರಿಗೆ ಸ್ವಲ್ಪ ಕಾಲಾವಕಾಶ ಕೊಡಬೇಕಾದ್ದು ನ್ಯಾಯ. ಅಪ್ಪ ಆ ರಾತ್ರಿ ಮಲಗಲಿಲ್ಲ. ಬೆಳಿಗ್ಗೆ ಕುರಿಮಂದೆ ಎತ್ತಿ ಹಿಂದೆ ನೋಡಿ, ಒಂಬತ್ತು ಗಂಟೆಯ ಒಳಗೆ ಹೋಗಿ ಹುಡುಗನ ಮನೆಯವರಿಗೆ ಒಪ್ಪಿಗೆ ಕೊಟ್ಟು ಬಂದ. ಅವರ ಮನೆಯಲ್ಲಿ ಕೂತು ತಿಂಡಿಯನ್ನೂ ತಿಂದು ಬಂದಿದ್ದ. ದೂರು ಒಂದೇ ಉಳಿದಿತ್ತು: ಬೀಗರು ಸಾಂಬಾರಿಗೆ ಬೆಲ್ಲ ಹಾಕುತ್ತಾರೆ.

ಹಳೇ ಮನುಷ್ಯನ ಇನ್ನೊಂದು ಗಂಟು ಊರಿನಲ್ಲಿತ್ತು. ಕಣದ ಬದುವಿನ ಹುಣಸೆಮರಕ್ಕಾಗಿ ಚಿಕ್ಕಪ್ಪನ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ವೈರಿಗಳನ್ನು ಪ್ರೀತಿಸಿ ಎಂಬ ಪ್ರಸಂಗಕ್ಕೆಲ್ಲ ಅಪ್ಪ ಆಮೆನ್ ಅನ್ನುತ್ತಿದ್ದ. ತಮ್ಮನ ಕಣ್ಣು ತೆರೆಸು ಎಂದು ಪ್ರಾರ್ಥಿಸುತ್ತಲೂ ಇದ್ದ. ಅಜ್ಜಿ ತೀರಿಕೊಂಡಳು. ಹಿರಿಯ ಮಗ ಅಪ್ಪ. ಶಾಸ್ತ್ರ ಮಾಡುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದರಿಂದ ಮಡಕೆ ಹೊತ್ತವನು ಚಿಕ್ಕಪ್ಪ. ಅಪ್ಪ ಚಟ್ಟಕ್ಕೆ ಹೆಗಲು ಕೊಟ್ಟು ನಡೆದು, ಗುಂಡಿಯ ಹತ್ತಿರ ಒಂದು ಪಕ್ಕಕ್ಕೆ ನಿಂತ. ಮೂರು ಹಿಡಿ ಮಣ್ಣು ಹಾಕುವ ಹೊತ್ತಿಗೆ ಮುಂದೆ ಬಂದ. ಮಣ್ಣು ಹಾಕುವುದು ಎರಡೂ ಕಡೆ ಒಂದೇ. ಆಗ ಚಿಕ್ಕಪ್ಪ, ಮುಖ ನೋಡದೆಯೇ, “ಅಣ್ಣ, ನಿಂದೂ ಒಂದು ಪ್ರಾರ್ಥನೆ ಮಾಡ್ಬಿಡು. ಅವ್ವ ಹೇಳಿದ್ಳು” ಎಂದ. ಸಭೆಯಲ್ಲಿ ಗಂಟೆಗಟ್ಟಲೆ ಪ್ರಾರ್ಥಿಸುತ್ತಿದ್ದ ಅಪ್ಪನಿಗೆ ಅಲ್ಲಿ ಎರಡು ಮಾತಿಗಿಂತ ಹೆಚ್ಚು ಬರಲಿಲ್ಲ. ಹಾಲುತುಪ್ಪದ ದಿನ ಹೋಗಿ ತಮ್ಮನ ಪಕ್ಕದಲ್ಲಿ ಎಲೆಗೆ ಕೂತ. ಊಟದ ನಡುವೆ, “ಹುಣಸೆಮರ ನೀನೇ ಇಟ್ಕೊಳ್ಳೋ. ವರ್ಷಕ್ಕೊಂದು ತಟ್ಟೆ ಹಣ್ಣು ಕಳ್ಸು, ನಿಮ್ಮತ್ತಿಗೆ ಕೇಳ್ತಾಳೆ” ಎಂದ. ಹಣ್ಣು ಪ್ರತಿ ವರ್ಷ ಬರುತ್ತದೆ, ಬೀಜ ಬಿಡಿಸಿಯೇ ಕಳಿಸುತ್ತಾರೆ.

ಹೊಸ ವಿಶ್ವಾಸಕ್ಕೆ ಬಂದವರು ಏನನ್ನು ಬಿಟ್ಟರು ಎಂದು ಲೆಕ್ಕ ಹಾಕುವವರು ಸಭೆಯ ಒಳಗೂ ಇದ್ದಾರೆ, ಹೊರಗೂ ಇದ್ದಾರೆ. ಒಳಗಿನವರಿಗೆ ಬಿಟ್ಟದ್ದು ಸಾಲದು, ಹೊರಗಿನವರಿಗೆ ಬಿಟ್ಟದ್ದು ಹೆಚ್ಚು. ಇಬ್ಬರೂ ಹಣೆ ನೋಡುತ್ತಾರೆ, ಮಣಿಕಟ್ಟಿನ ದಾರ ನೋಡುತ್ತಾರೆ, ಗೋಡೆಯ ಮೇಲಿನ ಪಟ ನೋಡುತ್ತಾರೆ. ನನ್ನ ಲೆಕ್ಕ ಬೇರೆ. ರಾಹುಕಾಲ ನೋಡಿಕೊಂಡೇ ಬೀಗರ ಮನೆಗೆ ಹೋಗಿ ಉಂಡು ಬಂದ, ತಮ್ಮನಿಗೆ ಮರ ಬಿಟ್ಟುಕೊಟ್ಟ ಅಪ್ಪನೇ ಹೊಸ ಮನುಷ್ಯ. ರಾಹುಕಾಲವನ್ನು ಖಂಡಿಸಿ ಪ್ರಸಂಗ ಮಾಡಿ, ಮಗಳಿಗೆ ಗಂಡು ಹುಡುಕುವಾಗ ದನಿ ತಗ್ಗಿಸುವವರು ಇನ್ನೂ ಹಳಬರು.

ನಮ್ಮ ಬೀದಿಯ ಆ ಹಾಲಿಗೆ ಈಗಲೂ ಹೊಸಬರು ಬರುತ್ತಾರೆ. ಬಾಗಿಲಲ್ಲಿ ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಮೊದಲೇ ಬಂದು ಚಾಪೆ ಹಿಡಿದು ಕೂತವರಲ್ಲಿ ನನ್ನದೊಂದು ಕೋರಿಕೆ. ಅವರ ಊರು ಕೇಳಿ, ಕೆಲಸ ಕೇಳಿ, ತಿಂಡಿ ಆಯಿತಾ ಅಂತ ಕೇಳಿ. ‘ಮುಂಚೆ ಏನು’ ಅಂತ ಮಾತ್ರ ಕೇಳಬೇಡಿ.